ಮೋಡವೂ ಕೆರೆಯೂ
ಕ್ಲೌಡ್ ಮತ್ತು ಕ್ಯಾಷ್: ಎರಡು ಮುಕ್ತ ತಂತ್ರಾಂಶಗಳ ಇತಿಹಾಸ



ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವ ದಿನ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಪರೀಕ್ಷೆ ಬರೆಯುತ್ತಿದ್ದಾರೆ. ಫಲಿತಾಂಶ ಪ್ರಕಟವಾಯಿತು ಎಂದ ಗಳಿಗೆಯಿಂದ ಅಷ್ಟೂ ಮಕ್ಕಳು, ಅವರ ಹಿಂದೆಯೇ ಅಪ್ಪ, ಅಮ್ಮ, ಸೋದರಮಾವ, ಮೇಷ್ಟ್ರು ಎಲ್ಲರೂ ಜಾಲತಾಣದ ಬಾಗಿಲು ತಟ್ಟುತ್ತಾರೆ. ಕೆಲವೊಮ್ಮೆ ಪುಟ ತೆರೆಯುವುದೇ ಇಲ್ಲ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ಮರುದಿನ ಅದೇ ಪುಟ ಕ್ಷಣಮಾತ್ರದಲ್ಲಿ ತೆರೆಯುತ್ತದೆ.

ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಈ ಕಷ್ಟವಿಲ್ಲ. ಪ್ರಸಾರ ಗೋಪುರದಿಂದ ಹೊರಟ ಅಲೆಯನ್ನು ಒಂದು ಮನೆ ಹಿಡಿದರೂ ಒಂದೇ, ಹತ್ತು ಲಕ್ಷ ಮನೆ ಹಿಡಿದರೂ ಒಂದೇ. ಗೋಪುರಕ್ಕೆ ಒಂದು ವಾಟ್‌ನಷ್ಟೂ ಹೆಚ್ಚಿನ ಖರ್ಚಿಲ್ಲ. ಅಂತರಜಾಲ ಹಾಗಲ್ಲ. ಅಲ್ಲಿ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಕೇಳಬೇಕು, ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕೊಡಬೇಕು. ಕೇಳುವವರು ಹೆಚ್ಚಾದಷ್ಟೂ ಕೊಡುವ ಯಂತ್ರದ ಹೊರೆ ಹೆಚ್ಚುತ್ತದೆ.

ಈ ಹೊರೆಯನ್ನು ಇಳಿಸಲು ಕಳೆದ ಮೂವತ್ತು ವರ್ಷಗಳಲ್ಲಿ ಎರಡು ದಾರಿಗಳು ಬೆಳೆದು ಬಂದಿವೆ. ಒಂದು ಕ್ಲೌಡ್, ಅಂದರೆ ಮೋಡ: ದೂರದಲ್ಲೊಂದು ಕಡೆ ಸಾವಿರಾರು ಗಣಕಗಳನ್ನು ಕೂಡಿಹಾಕಿ, ಬೇಕಾದವರಿಗೆ ಬೇಕಾದಾಗ ಬೇಕಾದಷ್ಟು ಗಣಕಶಕ್ತಿ ಒದಗಿಸುವುದು. ಇನ್ನೊಂದು ಕ್ಯಾಷ್: ಒಮ್ಮೆ ತಂದದ್ದರ ಪ್ರತಿಯನ್ನು ಓದುಗನ ಹತ್ತಿರದಲ್ಲೇ ಕೂಡಿಟ್ಟು, ಮತ್ತೆ ಕೇಳಿದವರಿಗೆ ಅಲ್ಲಿಂದಲೇ ಕೊಡುವುದು. ಎರಡಕ್ಕೂ ಓಪನ್ ಸೋರ್ಸ್, ಅಂದರೆ ಮುಕ್ತ ತಂತ್ರಾಂಶಗಳಿವೆ. ಅವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಈ ಎರಡರಲ್ಲಿ ಯಾವುದು ಮೇಲು? ಕಾಲೇಜು ವಿದ್ಯಾರ್ಥಿಗಳು ಹೀಗೆ ಕೇಳುವುದುಂಟು. ಉತ್ತರ ಹುಡುಕಲು ಅಮೆರಿಕೆಗೆ ಹೋಗುವ ಮೊದಲು ಕೋಲಾರದಲ್ಲೇ ಸ್ವಲ್ಪ ಸುತ್ತಾಡೋಣ.

ಕೋಲಾರಕ್ಕೆ ಹೊಸದಲ್ಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಮಳೆ ಕೆಲವೇ ತಿಂಗಳು ಬರುತ್ತದೆ, ಅದೂ ಹೇಳಿದ ಮಾತು ಕೇಳುವುದಿಲ್ಲ. ಆದ್ದರಿಂದ ಇಲ್ಲಿನ ಹಿರಿಯರು ಬಿದ್ದ ನೀರನ್ನು ಬಿದ್ದ ಕಡೆಯೇ ಹಿಡಿಯಲು ಸಾವಿರಾರು ಕೆರೆಗಳನ್ನು ಕಟ್ಟಿದರು. ಒಂದೊಂದು ಕೆರೆಯೂ ಒಂಟಿಯಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ರಾಜಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆ ಸೇರುತ್ತದೆ. ಅದು ತುಂಬಿದರೆ ಅದರ ಕೆಳಗಿನದು. ಹೀಗೆ ಸರಪಳಿ. ತೂಬಿನ ಬಳಿ ನೀರಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಎಂಬುದನ್ನು ನಡೆಸುತ್ತಿದ್ದವನು ಅವನೇ.

ಇದು ಹತ್ತಿರದಲ್ಲಿ ಕೂಡಿಡುವ ದಾರಿ. ದೂರದಿಂದ ತರಿಸಿಕೊಳ್ಳುವ ದಾರಿಯನ್ನೂ ಈ ಜಿಲ್ಲೆ ಬಹಳ ಮೊದಲೇ ಕಂಡಿದೆ. ಕೋಲಾರದ ಚಿನ್ನದ ಗಣಿಗಳು ಮೊದಲಲ್ಲಿ ತಮ್ಮ ತಮ್ಮ ಹಬೆಯಂತ್ರಗಳಿಂದ ನಡೆಯುತ್ತಿದ್ದವು. ಸೌದೆ, ಕಲ್ಲಿದ್ದಲು, ಬಾಯ್ಲರು ಎಲ್ಲವೂ ಗಣಿಯ ಬಳಿಯೇ ಇರಬೇಕಿತ್ತು. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ಹರಿದು ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಗಣಿಯವರು ಇನ್ನು ಶಕ್ತಿಯನ್ನು ತಯಾರಿಸಬೇಕಾಗಿರಲಿಲ್ಲ; ಹಣ ಕೊಟ್ಟು ಪಡೆದರೆ ಸಾಕಾಗಿತ್ತು.

ಆದರೆ ಬೇಸಿಗೆಯಲ್ಲಿ ಕಾವೇರಿ ಇಳಿದರೆ ವಿದ್ಯುತ್ತೂ ಇಳಿಯುತ್ತಿತ್ತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ, ನೀರಾವರಿಯ ಜೊತೆಗೆ ಗಣಿಗಳಿಗೆ ವರ್ಷವಿಡೀ ತಪ್ಪದೆ ವಿದ್ಯುತ್ ಕೊಡುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಗಮನಿಸಿ: ದೂರದ ಉತ್ಪಾದನೆ ಬಂದ ಮೇಲೆ ಸಂಗ್ರಹ ಬೇಡವಾಗಲಿಲ್ಲ, ಇನ್ನೂ ಹೆಚ್ಚು ಬೇಕಾಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗಣಕಗಳ ಕಥೆಗೆ ಬನ್ನಿ.

ಕೂಡಿಡುವ ತಂತ್ರಾಂಶಗಳು

ಕ್ಯಾಷ್ ಎಂದೊಡನೆ ನಗದು ಹಣ ನೆನಪಾಗುತ್ತದೆ. ಈ ಕ್ಯಾಷ್ ಬೇರೆ. ಬಚ್ಚಿಡು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಕಾಡಿನಲ್ಲಿ ಅಲೆಯುವವರು ಮುಂದಿನ ಅಗತ್ಯಕ್ಕೆಂದು ದಿನಸಿಯನ್ನು ಗುಂಡಿಯಲ್ಲಿ ಹುಗಿದಿಡುತ್ತಿದ್ದರು. ಆ ಗುಂಡಿಗೆ ಈ ಹೆಸರು. ನಮ್ಮ ರೈತರು ರಾಗಿ ತುಂಬಿಡುತ್ತಿದ್ದ ಹಗೇವು ನೆನಪಾಯಿತೇ? ಅದೇ.

ವೆಬ್ ಹುಟ್ಟಿದ್ದು ಸ್ವಿಟ್ಜರ್‌ಲೆಂಡಿನ ಸೆರ್ನ್ ಪ್ರಯೋಗಾಲಯದಲ್ಲಿ. 1993ರ ಏಪ್ರಿಲ್ 30ರಂದು ಸೆರ್ನ್ ಅದನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಮರುವರ್ಷವೇ ಅಲ್ಲಿನ ವೆಬ್ ತಂತ್ರಾಂಶಕ್ಕೆ ಪ್ರಾಕ್ಸಿ ಎಂಬ ಹೊಸ ಗುಣ ಬಂತು. ಪ್ರಾಕ್ಸಿ ಎಂದರೆ ಬಾಗಿಲಲ್ಲಿ ನಿಂತು ನಿಮ್ಮ ಪರವಾಗಿ ಹೊರಗಿನಿಂದ ತಂದುಕೊಡುವ ಗಣಕ. ತಂದದ್ದರ ಪ್ರತಿಯನ್ನು ಅದು ತನ್ನಲ್ಲೂ ಇಟ್ಟುಕೊಳ್ಳುತ್ತದೆ.

ಇದರಿಂದ ಎಷ್ಟು ಉಳಿತಾಯ? ಲೆಕ್ಕ ಹಾಕೋಣ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆ ಕಾಲದಲ್ಲಿ ಸೆಕೆಂಡಿಗೆ 64 ಕಿಲೋಬಿಟ್ ಸಾಗಿಸುವ ತಂತಿ ಇದ್ದ ಕಾಲೇಜೇ ಭಾಗ್ಯವಂತ ಕಾಲೇಜು. ಅಲ್ಲಿ 40 ವಿದ್ಯಾರ್ಥಿಗಳು 100 ಕಿಲೋಬೈಟ್‌ನ ಒಂದೇ ಪಾಠದ ಪುಟ ತೆರೆಯುತ್ತಾರೆ ಎನ್ನಿ. 100 ಕಿಲೋಬೈಟ್ ಎಂದರೆ 800 ಕಿಲೋಬಿಟ್. ತರಲು ಹನ್ನೆರಡೂವರೆ ಸೆಕೆಂಡು. ನಲವತ್ತು ಬಾರಿ ತಂದರೆ 500 ಸೆಕೆಂಡು, ಎಂಟು ನಿಮಿಷಕ್ಕೂ ಹೆಚ್ಚು. ಬಾಗಿಲಲ್ಲಿ ಪ್ರಾಕ್ಸಿ ಇದ್ದರೆ ಹನ್ನೆರಡೂವರೆ ಸೆಕೆಂಡಿನಲ್ಲಿ ಒಮ್ಮೆ ತಂದರೆ ಮುಗಿಯಿತು; ಉಳಿದ 39 ಮಂದಿಗೆ ಕಾಲೇಜಿನೊಳಗಿನ ವೇಗದ ತಂತಿಯಿಂದಲೇ ಸಿಗುತ್ತದೆ.

ಈ ಕೆಲಸಕ್ಕೆ ಹೆಸರುವಾಸಿಯಾದ ಮುಕ್ತ ತಂತ್ರಾಂಶ ಸ್ಕ್ವಿಡ್. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಹಾರ್ವೆಸ್ಟ್ ಎಂಬ ಯೋಜನೆಯಿಂದ ಅದು ಬಂತು. ಯೋಜನೆ ಮುಗಿದಾಗ ಅದರ ಕ್ಯಾಷ್ ಭಾಗ ಎರಡು ದಾರಿ ಹಿಡಿಯಿತು: ಒಂದು ಮಾರಾಟದ ಸರಕಾಯಿತು, ಇನ್ನೊಂದನ್ನು ಡ್ಯುಯೇನ್ ವೆಸೆಲ್ಸ್ ಎಂಬ ತಂತ್ರಜ್ಞರು ಸರ್ಕಾರಿ ಸಂಶೋಧನಾ ಧನದ ನೆರವಿನಿಂದ ಮುಕ್ತವಾಗಿಯೇ ಮುಂದುವರಿಸಿ 1996ರಲ್ಲಿ ಸ್ಕ್ವಿಡ್ ಎಂದು ಹೊರತಂದರು. ಒಂದೇ ತಂತಿಯನ್ನು ಹತ್ತಾರು ಗಣಕಗಳು ಹಂಚಿಕೊಳ್ಳುವ ಶಾಲೆ ಕಾಲೇಜುಗಳಿಗೆ ಅದು ವರವಾಯಿತು.

ಸ್ಕ್ವಿಡ್‌ನಲ್ಲಿ ಇನ್ನೊಂದು ವಿಶೇಷವಿತ್ತು. ಕೇಳಿದ ಪುಟ ತನ್ನಲ್ಲಿ ಇಲ್ಲದಿದ್ದರೆ ಅದು ನೆರೆಯ ಸ್ಕ್ವಿಡ್‌ಗಳನ್ನು ಕೇಳುತ್ತಿತ್ತು. ಅಲ್ಲೂ ಇಲ್ಲದಿದ್ದರೆ ಮೇಲಿನ ದೊಡ್ಡ ಸ್ಕ್ವಿಡ್‌ನಿಂದ ತರಿಸುತ್ತಿತ್ತು. ಸಮಾನರನ್ನು ಒಡಹುಟ್ಟು ಎಂದೂ ಮೇಲಿನದನ್ನು ತಾಯಿತಂದೆ ಎಂದೂ ಅದರ ಕೈಪಿಡಿ ಕರೆಯುತ್ತದೆ. ಕೆರೆಗಳ ಸರಪಳಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಕಾಲ ಬದಲಾಯಿತು. ಜಾಲತಾಣ ನಡೆಸುವವರೇ ತಮ್ಮ ಬಾಗಿಲಲ್ಲಿ ಕ್ಯಾಷ್ ಇಟ್ಟುಕೊಳ್ಳತೊಡಗಿದರು. ನಾರ್ವೆಯ ವೆರ್ಡೆನ್ಸ್ ಗಾಂಗ್ ಪತ್ರಿಕೆಯ ಜಾಲತಾಣಕ್ಕಾಗಿ ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ ಕಾಂಪ್ 2006ರಲ್ಲಿ ವಾರ್ನಿಷ್ ಎಂಬ ಹೊಸ ಮುಕ್ತ ತಂತ್ರಾಂಶ ಬರೆದರು. ಹಳೆಯದು ಯಾವುದನ್ನು ಸ್ಮೃತಿಯಲ್ಲಿಡಬೇಕು, ಯಾವುದನ್ನು ಡಿಸ್ಕಿನಲ್ಲಿಡಬೇಕು ಎಂಬ ಲೆಕ್ಕವನ್ನು ತಾನೇ ಮಾಡುತ್ತಿತ್ತು. ಅದರ ಕೆಳಗಿನ ಆಪರೇಟಿಂಗ್ ಸಿಸ್ಟಮ್ ಕೂಡ ಅದೇ ಲೆಕ್ಕ ಮಾಡುತ್ತಿತ್ತು. ಒಂದು ಕೆಲಸಕ್ಕೆ ಇಬ್ಬರು ಯಜಮಾನರು. ವಾರ್ನಿಷ್ ಆ ಲೆಕ್ಕವನ್ನು ಸಿಸ್ಟಮ್ಮಿಗೇ ಬಿಟ್ಟುಬಿಟ್ಟಿತು. ಪತ್ರಿಕೆಯವರು ಸ್ಕ್ವಿಡ್ ನಡೆಸುತ್ತಿದ್ದ 12 ಗಣಕಗಳ ಜಾಗದಲ್ಲಿ ಮೂರನ್ನು ಇಟ್ಟು ಕೆಲಸ ನಡೆಸಿದರು.

ಇಂಕ್‌ಟೋಮಿ ಎಂಬ ಕಂಪನಿಯ ಟ್ರಾಫಿಕ್ ಸರ್ವರ್‌ನದು ತಿರುವುಮುರುವಾದ ಕಥೆ. ಅದು ಮಾರಾಟದ ಸರಕಾಗಿ ಹುಟ್ಟಿ, ಯಾಹೂ ಕೈ ಸೇರಿ, 2009ರಲ್ಲಿ ಅಪಾಚೆ ಸಂಸ್ಥೆಗೆ ದಾನವಾಗಿ ಮುಕ್ತ ತಂತ್ರಾಂಶವಾಯಿತು.

ಇಷ್ಟರಲ್ಲಿ ಮತ್ತೊಂದು ಬದಲಾವಣೆಯೂ ಆಯಿತು. ಇಂದು ಬಹುಪಾಲು ಪುಟಗಳು ಗೂಢಲಿಪಿಯ ಮುಚ್ಚಿದ ಲಕೋಟೆಯಲ್ಲಿ ಬರುತ್ತವೆ. ಕಾಲೇಜಿನ ಬಾಗಿಲಲ್ಲಿ ನಿಂತ ಸ್ಕ್ವಿಡ್‌ಗೆ ಲಕೋಟೆ ಬಿಡಿಸಲಾಗದು, ಆದ್ದರಿಂದ ಪ್ರತಿ ಇಡಲಾಗದು. ಹಾಗಾಗಿ ಕೂಡಿಡುವ ಕೆಲಸ ಬಹುಮಟ್ಟಿಗೆ ಓದುಗರ ಬಾಗಿಲಿನಿಂದ ಜಾಲತಾಣದವರ ಬಾಗಿಲಿಗೆ ಹೋಗಿದೆ.

ಮೋಡದ ತಂತ್ರಾಂಶಗಳು

ಇನ್ನು ಎರಡನೆಯ ದಾರಿ. 1961ರಲ್ಲಿ ಎಂಐಟಿಯ ಶತಮಾನೋತ್ಸವದಲ್ಲಿ ಮಾತನಾಡುತ್ತ ಜಾನ್ ಮೆಕಾರ್ತಿ ಎಂಬ ವಿಜ್ಞಾನಿ, ಮುಂದೊಂದು ದಿನ ಗಣಕಶಕ್ತಿಯನ್ನೂ ಟೆಲಿಫೋನಿನಂತೆ ಸಾರ್ವಜನಿಕ ಸೇವೆಯಾಗಿ ಒದಗಿಸಬಹುದು ಎಂದರು. ಶಿವನಸಮುದ್ರದ ತಂತಿಯನ್ನು ಕಂಡ ನಾಡಿಗೆ ಈ ಕನಸು ಅಪರಿಚಿತವೇನಲ್ಲ.

ಕನಸು ನನಸಾಗಲು ಒಂದು ಕೈಚಳಕ ಬೇಕಿತ್ತು: ಒಂದೇ ಗಣಕ ತಾನು ಹತ್ತು ಗಣಕಗಳೆಂಬಂತೆ ವರ್ತಿಸಬೇಕು. ಇವನ್ನು ವರ್ಚುಯಲ್ ಅಥವಾ ಮಿಥ್ಯಾಗಣಕಗಳು ಎನ್ನುತ್ತಾರೆ. ಐಬಿಎಂ ಕಂಪನಿ ತನ್ನ ದೊಡ್ಡ ಗಣಕಗಳಲ್ಲಿ 1960ರ ದಶಕದಲ್ಲೇ ಇದನ್ನು ಸಾಧಿಸಿತ್ತು. ಸಾಮಾನ್ಯ ಗಣಕಗಳಿಗೆ ಇದನ್ನು ಮುಕ್ತವಾಗಿ ಕೊಟ್ಟದ್ದು 2003ರಲ್ಲಿ ಕೇಂಬ್ರಿಜ್‌ನಿಂದ ಬಂದ ಝೆನ್, ಮತ್ತು 2007ರಲ್ಲಿ ಲಿನಕ್ಸ್‌ನೊಳಗೆ ಸೇರಿದ ಕೆವಿಎಂ. 2006ರಲ್ಲಿ ಅಮೆಜಾನ್ ಕಂಪನಿ ಮಿಥ್ಯಾಗಣಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು.

ಅಮೆಜಾನಿನ ತಂತ್ರಾಂಶ ಅದರ ಸ್ವಂತದ್ದು. ಅಂಥದ್ದನ್ನು ನಾವೇ ಕಟ್ಟಿಕೊಳ್ಳಬಾರದೇ ಎಂದು ಕೇಳಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದವರು. 2008ರಲ್ಲಿ ಅವರು ಹೊರತಂದ ತಂತ್ರಾಂಶಕ್ಕೆ ಯೂಕಲಿಪ್ಟಸ್ ಎಂದು ಹೆಸರು. ಹೌದು, ನಿಮ್ಮ ಜಿಲ್ಲೆಯ ಹೊಲಗಳಲ್ಲಿರುವ ನೀಲಗಿರಿಯ ಹೆಸರೇ. ನಾಸಾ ಸಂಸ್ಥೆ ತನ್ನ ಕ್ಲೌಡ್‌ಗೆ ಮೊದಲು ಇದನ್ನೇ ಬಳಸಿತು. ಆದರೆ ಅದನ್ನು ನಡೆಸುತ್ತಿದ್ದ ಕಂಪನಿ ಕೆಲವು ಭಾಗಗಳನ್ನು ಮುಚ್ಚಿಟ್ಟಿತ್ತು. ತಮಗೆ ಬೇಕಾದಷ್ಟು ದೊಡ್ಡದಾಗಿ ಬೆಳೆಸಲು ಆಗದೆ ನಾಸಾದ ತಂತ್ರಜ್ಞರು ತಾವೇ ಹೊಸದನ್ನು ಬರೆದರು. 2010ರ ಜುಲೈನಲ್ಲಿ ನಾಸಾ ಆ ಬರಹವನ್ನೂ, ರ್‍ಯಾಕ್‌ಸ್ಪೇಸ್ ಎಂಬ ಕಂಪನಿ ತನ್ನ ಸಂಗ್ರಹ ತಂತ್ರಾಂಶವನ್ನೂ ಒಟ್ಟುಗೂಡಿಸಿ ಓಪನ್‌ಸ್ಟ್ಯಾಕ್ ಎಂದು ಬಿಡುಗಡೆ ಮಾಡಿದವು. 2012ರಲ್ಲಿ ಸಿಟ್ರಿಕ್ಸ್ ಕಂಪನಿ ತನ್ನ ಕ್ಲೌಡ್‌ಸ್ಟ್ಯಾಕ್ ಅನ್ನು ಅಪಾಚೆ ಸಂಸ್ಥೆಗೆ ಒಪ್ಪಿಸಿತು. ಯೂಕಲಿಪ್ಟಸ್ ಕಂಪನಿಯನ್ನು 2014ರಲ್ಲಿ ಎಚ್‌ಪಿ ಕೊಂಡುಕೊಂಡಿತು. ಆಮೇಲೆ ಅದು ಮೂಲೆಗೆ ಸರಿಯಿತು.

ಓಪನ್‌ಸ್ಟ್ಯಾಕ್ ಒಂದೇ ತಂತ್ರಾಂಶವಲ್ಲ. ಮಾಲೂರಿನ ಇಟ್ಟಿಗೆ, ಹೆಂಚು ಸೇರಿ ಮನೆಯಾಗುವಂತೆ ಹಲವು ಭಾಗಗಳ ಜೋಡಣೆ. ಮಿಥ್ಯಾಗಣಕಗಳನ್ನು ಹುಟ್ಟಿಸುವುದು ನೋವಾ, ಕಡತಗಳನ್ನಿಡುವುದು ಸ್ವಿಫ್ಟ್, ತಂತಿ ಜೋಡಿಸುವುದು ನ್ಯೂಟ್ರಾನ್, ಗುರುತು ಪರಿಶೀಲಿಸುವುದು ಕೀಸ್ಟೋನ್. ವೆಬ್‌ನ ತವರಾದ ಸೆರ್ನ್ 2013ರಿಂದ ತನ್ನ ಗಣಕಗಳನ್ನು ಓಪನ್‌ಸ್ಟ್ಯಾಕ್ ಮೇಲೆಯೇ ನಡೆಸುತ್ತಿದೆ.

ಯಾವುದಕ್ಕೆ ಯಾವುದು

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಒಂದೇ ಉತ್ತರವನ್ನು ಸಾವಿರ ಮಂದಿ ಕೇಳಿದರೆ ಕ್ಯಾಷ್ ಬೇಕು. ಸಾವಿರ ಮಂದಿ ಸಾವಿರ ಬೇರೆ ಬೇರೆ ಉತ್ತರ ಕೇಳಿದರೆ ಕ್ಲೌಡ್ ಬೇಕು. ಎರಡರ ನಡುವಿನ ಮುಖ್ಯ ವ್ಯತ್ಯಾಸ ಇಷ್ಟೇ.

ಫಲಿತಾಂಶದ ಪುಟವನ್ನೇ ನೋಡಿ. ಅದರ ಲಾಂಛನ, ಚಿತ್ರ, ನೋಂದಣಿ ಸಂಖ್ಯೆ ತುಂಬುವ ನಮೂನೆ ಎಲ್ಲರಿಗೂ ಒಂದೇ. ಇವನ್ನು ಕ್ಯಾಷ್‌ನಿಂದ ಕೊಟ್ಟರೆ ಮೂಲ ಗಣಕದ ಹೊರೆ ಬಹಳ ಇಳಿಯುತ್ತದೆ. ಆದರೆ ನಿಮ್ಮ ಅಂಕಪಟ್ಟಿ ನಿಮ್ಮದು, ಪಕ್ಕದವರದ್ದು ಅವರದು. ಇವನ್ನು ಒಂದೊಂದಾಗಿ ಹುಡುಕಿ ಕೊಡಲು ಗಣಕಶಕ್ತಿಯೇ ಬೇಕು. ಅದೂ ವರ್ಷದಲ್ಲಿ ಒಂದೆರಡು ದಿನಕ್ಕೆ ನೂರುಪಟ್ಟು ಬೇಕು. ಆ ಒಂದು ದಿನಕ್ಕಾಗಿ ನೂರು ಗಣಕ ಕೊಂಡು ಉಳಿದ 364 ದಿನ ದೂಳು ಹಿಡಿಸುವ ಬದಲು ಕ್ಲೌಡ್‌ನಿಂದ ಮಿಥ್ಯಾಗಣಕಗಳನ್ನು ಪಡೆದು ಮರುದಿನ ಹಿಂತಿರುಗಿಸುವುದು ಜಾಣತನ. ಅಂಕಪಟ್ಟಿಯನ್ನೇ ಕ್ಯಾಷ್‌ನಲ್ಲಿಟ್ಟರೆ, ಒಂದು ಸಣ್ಣ ತಪ್ಪಿನಿಂದ ಒಬ್ಬರ ಅಂಕ ಇನ್ನೊಬ್ಬರ ಪರದೆಯ ಮೇಲೆ ಮೂಡುವ ಅಪಾಯವೂ ಉಂಟು.

ಕ್ಯಾಷ್‌ಗೆ ಇನ್ನೊಂದು ಕಟ್ಟುಪಾಡು ಇದೆ: ತಾಜಾತನ. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಶ್ರೀನಿವಾಸಪುರದ ಮಾವು ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಎರಡನ್ನೂ ಒಂದೇ ಉಗ್ರಾಣದಲ್ಲಿ ಒಂದೇ ಅವಧಿಗೆ ಇಡಲಾದೀತೇ? ಹಾಗೆಯೇ ಶಾಲೆಯ ಲಾಂಛನ ರಾಗಿ, ಕ್ರಿಕೆಟ್ ಸ್ಕೋರು ಮಾವು. ಇದಕ್ಕಾಗಿಯೇ 1997ರಲ್ಲಿ ಬಂದ ವೆಬ್ ನಿಯಮಾವಳಿಯಲ್ಲಿ ಪ್ರತಿ ಪುಟದ ಜೊತೆಗೂ ಅದರ ಆಯುಸ್ಸನ್ನು ಸೆಕೆಂಡುಗಳಲ್ಲಿ ಬರೆದು ಕಳಿಸುವ ಏರ್ಪಾಡು ಬಂತು. ಅವಧಿ ಮುಗಿದರೆ ಕ್ಯಾಷ್ ಮತ್ತೆ ಮೂಲವನ್ನು ಕೇಳಬೇಕು.

ಕೆರೆಯ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದೂ ತಿಳಿದಿರಲಿ. ಕೆರೆಯಿಂದ ಒಂದು ಕೊಡ ನೀರು ಎತ್ತಿದರೆ ಕೆರೆಯಲ್ಲಿ ಒಂದು ಕೊಡ ಕಡಿಮೆ. ಕ್ಯಾಷ್‌ನಿಂದ ಎಷ್ಟು ಪ್ರತಿ ಕೊಟ್ಟರೂ ಅಲ್ಲಿರುವುದು ಕಡಿಮೆಯಾಗುವುದಿಲ್ಲ. ಆದರೆ ಕೊಳಕು ಹರಡುವ ವಿಷಯದಲ್ಲಿ ಎರಡೂ ಒಂದೇ. 2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದಾಗ ರೈತರು ಅದರ ಗುಣಮಟ್ಟದ ಬಗ್ಗೆ ಪ್ರಶ್ನೆ ಎತ್ತಿದರು, ವಿಷಯ ನ್ಯಾಯಾಲಯದವರೆಗೂ ಹೋಯಿತು. ಸರಪಳಿಯ ಮೇಲಿನ ಕೆರೆಗೆ ಬಂದದ್ದು ಕೆಳಗಿನವಕ್ಕೆಲ್ಲ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕ್ಯಾಷ್‌ಗೆ ಸುಳ್ಳು ಪುಟ ಸೇರಿಸಿ, ಅದನ್ನು ಅವಲಂಬಿಸಿದ ಎಲ್ಲರಿಗೂ ಸುಳ್ಳನ್ನೇ ಉಣಿಸುವ ದುಷ್ಕೃತ್ಯಕ್ಕೆ ತಂತ್ರಜ್ಞರು ವಿಷಪ್ರಾಶನ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ.

ನಾಲ್ಕು ತಾಲ್ಲೂಕು ಕಚೇರಿಗಳು

ಹತ್ತಿರವೋ ದೂರವೋ ಎಂಬುದು ಬರಿಯ ವೇಗದ ಪ್ರಶ್ನೆಯಲ್ಲ. ಇದಕ್ಕೆ ಕರ್ನಾಟಕದ್ದೇ ಒಂದು ನಿದರ್ಶನ ಭೂಮಿ ಯೋಜನೆ. ಹಿಂದೆ ಪಹಣಿಗಳು ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಮಾಹಿತಿ ಹತ್ತಿರವೇ ಇತ್ತು. ಆದರೆ ಅದು ಯಾವಾಗ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ, ಅದರಲ್ಲಿ ಯಾರು ಏನು ತಿದ್ದಿದ್ದಾರೆ ಎಂಬುದು ಪುಸ್ತಕ ಹಿಡಿದವರಿಗೆ ಮಾತ್ರ ಗೊತ್ತಿತ್ತು. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರ ತೆರೆಯಲಾಯಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲೂ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಗಣಕ ತೆರೆಯಬೇಕಿತ್ತು.

ಮೊದಮೊದಲು ಒಂದೊಂದು ತಾಲ್ಲೂಕಿನ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲೇ ಇತ್ತು. ಮುಳಬಾಗಿಲಿನಲ್ಲಿ ಗಣಕ ಕೆಟ್ಟರೆ ಮಾಲೂರಿನ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ಮುಳಬಾಗಿಲಿನ ರೈತ ಮಾಲೂರಿನಲ್ಲಿ ತನ್ನ ಪಹಣಿ ಪಡೆಯುವಂತೆಯೂ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ದತ್ತಾಂಶ ಬೆಂಗಳೂರಿನ ಕೇಂದ್ರಕ್ಕೆ ಸೇರಿತು. ಈಗ ಪಹಣಿಯನ್ನು ಎಲ್ಲಿಂದ ಬೇಕಾದರೂ ನೋಡಬಹುದು. ಜೊತೆಗೇ, ಕೇಂದ್ರದ ಗಣಕ ನಿಂತರೆ ನಾಲ್ಕೂ ತಾಲ್ಲೂಕುಗಳ ಸಾಲು ಒಟ್ಟಿಗೇ ನಿಲ್ಲುತ್ತದೆ.

ಇನ್ನೂ ಒಂದು ಮಾತು. ದಾಖಲೆಗಳು ಒಂದೆಡೆ ಸೇರಿದ್ದರಿಂದ ಸಣ್ಣ ರೈತನಿಗಿಂತ ದೂರದಿಂದ ಭೂಮಿ ಕೊಳ್ಳಲು ಬಂದ ದೊಡ್ಡವರಿಗೇ ಹೆಚ್ಚು ಅನುಕೂಲವಾಯಿತು ಎಂದು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ನಡೆಸಿದ ಸಂಶೋಧಕರು 2007ರಲ್ಲಿ ವಾದಿಸಿದರು. ದತ್ತಾಂಶ ಎಲ್ಲಿರಬೇಕು ಎಂದು ತೀರ್ಮಾನಿಸುವುದೆಂದರೆ ತೂಬಿನ ಕೀಲಿ ಯಾರ ಕೈಯಲ್ಲಿರಬೇಕು ಎಂದು ತೀರ್ಮಾನಿಸಿದಂತೆಯೇ.

ಪಹಣಿಯನ್ನು ಕ್ಯಾಷ್‌ನಲ್ಲಿಡಬಹುದೇ? ನೀವೇ ಹೇಳಿ. ನಿನ್ನೆ ಮಾರಾಟವಾದ ಹೊಲದ ಮೇಲೆ ಮೊನ್ನೆಯ ಪಹಣಿ ತೋರಿಸಿ ಸಾಲ ಎತ್ತಿದರೆ ಗತಿಯೇನು? ಅದು ರಾಗಿಯಂತೆ ಕಂಡರೂ ಮಾವೇ.

ಎರಡೂ ಕೂಡಿದಾಗ

ಭೂಮಿಯ ಮೊದಲ ತಂತ್ರಾಂಶವನ್ನು ಕಟ್ಟಿದ್ದು ಕಂಪನಿಯೊಂದರಿಂದ ಕೊಂಡ ಮಾರಾಟದ ವೇದಿಕೆಯ ಮೇಲೆ. ಮುಕ್ತ ಕ್ಲೌಡ್ ಮತ್ತು ಮುಕ್ತ ಕ್ಯಾಷ್ ಎರಡೂ ಕನ್ನಡದ ಕೆಲಸಕ್ಕೆ ಒದಗಿರುವುದನ್ನು ನೋಡಬೇಕಾದರೆ ಕನ್ನಡ ವಿಕಿಪೀಡಿಯವನ್ನು ನೋಡಿ. 2003ರಲ್ಲಿ ಆರಂಭವಾದ ಈ ವಿಶ್ವಕೋಶವನ್ನು ಬರೆಯುವವರು ಸ್ವಯಂಸೇವಕರು. ಇದನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಮುಖ್ಯ ಗಣಕಗಳು ಅಮೆರಿಕದ ವರ್ಜೀನಿಯಾ ಮತ್ತು ಟೆಕ್ಸಾಸ್‌ನಲ್ಲಿವೆ.

ಮುಳಬಾಗಿಲಿನಲ್ಲಿ ಕುಳಿತ ನೀವು ಕೋಲಾರದ ಬಗೆಗಿನ ಲೇಖನ ಕೇಳುತ್ತೀರಿ ಎನ್ನಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ವರ್ಜೀನಿಯಾ 13,000 ಕಿಲೋಮೀಟರಿಗೂ ಹೆಚ್ಚು ದೂರ. ನೇರ ದಾರಿಯಲ್ಲೇ ಹೋಗಿಬರಲು 130 ಮಿಲಿಸೆಕೆಂಡು ಬೇಕು. ಒಂದು ಪುಟ ತೆರೆಯುವ ಮೊದಲು ಪರಿಚಯ, ಗುರುತು, ಬೀಗ, ಬೇಡಿಕೆ ಎಂದು ನಾಲ್ಕು ಬಾರಿ ಹೋಗಿಬಂದರೂ ಅರ್ಧ ಸೆಕೆಂಡು ಕಳೆಯಿತು. ಯಂತ್ರ ಎಷ್ಟೇ ದೊಡ್ಡದಿರಲಿ, ಮೋಡ ಎಷ್ಟೇ ದಟ್ಟವಿರಲಿ, ಬೆಳಕಿನ ವೇಗವನ್ನು ಹೆಚ್ಚಿಸಲಾಗದು. ದೂರವನ್ನು ಕಡಿಮೆ ಮಾಡಬಹುದು, ಅಷ್ಟೇ. 2018ರಲ್ಲಿ ವಿಕಿಮೀಡಿಯ ಸಿಂಗಪುರದಲ್ಲಿ ಒಂದು ಕ್ಯಾಷ್ ಕೇಂದ್ರ ತೆರೆಯಿತು. ಅದು ಇಲ್ಲಿಂದ ಸುಮಾರು 3,000 ಕಿಲೋಮೀಟರ್. ಒಂದು ಸಲ ಹೋಗಿಬರಲು 30 ಮಿಲಿಸೆಕೆಂಡು. ನಿಮಗಿಂತ ಮೊದಲು ಯಾರಾದರೂ ಅದೇ ಲೇಖನ ಓದಿದ್ದರೆ ನಿಮ್ಮ ಬೇಡಿಕೆ ಸಾಗರ ದಾಟಿ ಅಮೆರಿಕಕ್ಕೆ ಹೋಗುವುದೇ ಇಲ್ಲ.

ಅಲ್ಲಿ ಕೆಲಸ ಮಾಡುವ ತಂತ್ರಾಂಶಗಳು ನಮಗೆ ಪರಿಚಿತವೇ. ವಿಕಿಮೀಡಿಯ ಆರಂಭದ ವರ್ಷಗಳಲ್ಲಿ ಸ್ಕ್ವಿಡ್ ಬಳಸಿತು, ಆಮೇಲೆ ವಾರ್ನಿಷ್, 2019ರಿಂದ ವಾರ್ನಿಷ್‌ನ ಹಿಂದೆ ಅಪಾಚೆ ಟ್ರಾಫಿಕ್ ಸರ್ವರ್. ಸ್ವಯಂಸೇವಕರು ಹೊಸ ಉಪಕರಣಗಳನ್ನು ಕಟ್ಟಿ ಪರೀಕ್ಷಿಸಲು ವಿಕಿಮೀಡಿಯ ಒದಗಿಸುವ ಕ್ಲೌಡ್ ಓಪನ್‌ಸ್ಟ್ಯಾಕ್ ಮೇಲೆ ನಡೆಯುತ್ತದೆ. ಎಲ್ಲರೂ ಓದುವ ಲೇಖನಕ್ಕೆ ಕ್ಯಾಷ್, ಒಬ್ಬೊಬ್ಬರು ಮಾಡುವ ಬೇರೆ ಬೇರೆ ಕೆಲಸಕ್ಕೆ ಕ್ಲೌಡ್.

ನೀರಗಂಟಿ ಯಾರು?

ಮುಕ್ತ ಎಂದರೆ ಖರ್ಚಿಲ್ಲ ಎಂದಲ್ಲ. ಕೋಲಾರದ ಕೆರೆಗಳು ಮಳೆ ಇಲ್ಲದೆ ಮಾತ್ರ ಬತ್ತಲಿಲ್ಲ. ಕೊಳವೆಬಾವಿ ಬಂದ ಮೇಲೆ ಪ್ರತಿಯೊಬ್ಬರೂ ತಮ್ಮ ಹೊಲದಲ್ಲೇ ನೀರು ತೆಗೆಯಬಹುದು ಎಂದುಕೊಂಡರು. ಕೆರೆ ಎಲ್ಲರದ್ದಾಗಿದ್ದುದು ಯಾರದ್ದೂ ಅಲ್ಲದ್ದಾಯಿತು. ಹೂಳು ತುಂಬಿತು, ರಾಜಕಾಲುವೆ ಮುಚ್ಚಿತು, ನೀರಗಂಟಿಯ ಕೆಲಸ ಹೋಯಿತು. ಕೊನೆಗೆ ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಸಿಗದ ಊರುಗಳಾದವು.

ಮುಕ್ತ ತಂತ್ರಾಂಶಕ್ಕೂ ಇದೇ ಗಂಡಾಂತರವಿದೆ. 2021ರಲ್ಲಿ ಒಬ್ಬ ಸುರಕ್ಷತಾ ಸಂಶೋಧಕರು ಸ್ಕ್ವಿಡ್ ಅನ್ನು ಜಾಲಾಡಿ 50ಕ್ಕೂ ಹೆಚ್ಚು ದೋಷಗಳನ್ನು ಪತ್ತೆಮಾಡಿ ಅದನ್ನು ನೋಡಿಕೊಳ್ಳುವವರಿಗೆ ತಿಳಿಸಿದರು. 2023ರಲ್ಲಿ ಅವರು ವಿವರ ಪ್ರಕಟಿಸಿದಾಗಲೂ ಅರ್ಧಕ್ಕಿಂತ ಹೆಚ್ಚು ದೋಷಗಳು ಹಾಗೆಯೇ ಉಳಿದಿದ್ದವು. ನೋಡಿಕೊಳ್ಳುವವರು ಸೋಮಾರಿಗಳಾಗಿರಲಿಲ್ಲ, ಅವರು ಬೆರಳೆಣಿಕೆಯ ಸ್ವಯಂಸೇವಕರು, ಕೆಲಸ ಬೆಟ್ಟದಷ್ಟು. ಸ್ಕ್ವಿಡ್ ಬಳಸುವ ಸಂಸ್ಥೆಗಳು ಜಗತ್ತಿನಾದ್ಯಂತ ಇವೆ. ಹೂಳೆತ್ತಲು ಬಂದ ಕೈಗಳು ಕೆಲವೇ.

2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿತು. ಒಳ್ಳೆಯದೇ. ಆದರೆ ಕೆರೆಗೆ ನೀರು ಬಿಡುವುದು ಒಂದು, ಏರಿಯ ಮೇಲೆ ನಡೆದು ಬಿರುಕು ಹುಡುಕುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ದೊಡ್ಡ ನಗರವೇ ಬೇಕೆಂದಿಲ್ಲ, ದುಬಾರಿ ಪರವಾನಗಿಯೂ ಬೇಡ. ಮೂಲ ಬರಹ ತೆರೆದೇ ಇದೆ. ಬೇಕಾದದ್ದು ಒಂದು ಹಳೆಯ ಗಣಕ, ಸ್ವಲ್ಪ ಇಂಗ್ಲಿಷು, ಬಹಳ ತಾಳ್ಮೆ. ಮಾಲೂರಿನ ಕಾಲೇಜಿನಲ್ಲಿ ಕುಳಿತು ಕಳಿಸಿದ ತಿದ್ದುಪಡಿ ಸರಿಯಾಗಿದ್ದರೆ ಅದು ಸಿಂಗಪುರದಲ್ಲೂ ನಾರ್ವೆಯಲ್ಲೂ ಕೆಲಸಕ್ಕೆ ಬರುತ್ತದೆ.

ನೀವೇ ಮಾಡಿ ನೋಡಿ

1. ಯಾವುದಾದರೂ ಹೊಸ ಜಾಲತಾಣವನ್ನು ಎರಡು ಬಾರಿ ತೆರೆಯಿರಿ. ಎರಡನೆಯ ಬಾರಿ ಬೇಗ ತೆರೆಯಿತೇ? ನಿಮ್ಮ ಬ್ರೌಸರಿನಲ್ಲೇ ಒಂದು ಪುಟ್ಟ ಹಗೇವು ಇದೆ. ಅದನ್ನು ಖಾಲಿ ಮಾಡಿ ಮೂರನೆಯ ಬಾರಿ ತೆರೆದು ಹೋಲಿಸಿ.

2. ಬಸ್ ವೇಳಾಪಟ್ಟಿ, ಹಾಲಿನ ದರ, ಪಠ್ಯಪುಸ್ತಕ, ಹಾಜರಿ ಪುಸ್ತಕ, ಹವಾಮಾನ ವರದಿ ಇವುಗಳಲ್ಲಿ ಯಾವುದು ರಾಗಿ, ಯಾವುದು ಮಾವು? ಒಂದೊಂದಕ್ಕೂ ಎಷ್ಟು ಸೆಕೆಂಡು ಆಯುಸ್ಸು ಕೊಡುವಿರಿ? ಕಾರಣ ಬರೆಯಿರಿ.

3. ಕಾಲೇಜು ವಿದ್ಯಾರ್ಥಿಗಳು ಹಳೆಯ ಗಣಕವೊಂದಕ್ಕೆ ಲಿನಕ್ಸ್ ಹಾಕಿ, ಸಣ್ಣದೊಂದು ಪಾಠದ ಜಾಲತಾಣ ಮಾಡಿ, ಅದರ ಮುಂದೆ ವಾರ್ನಿಷ್ ನಿಲ್ಲಿಸಿ ನೋಡಿ. ಸೆಕೆಂಡಿಗೆ ಎಷ್ಟು ಬೇಡಿಕೆ ತಡೆಯುತ್ತದೆ ಎಂದು ಮೊದಲು ಅದಿಲ್ಲದೆ, ಆಮೇಲೆ ಅದರೊಂದಿಗೆ ಅಳೆಯಿರಿ.

4. ನಿಮ್ಮೂರಿನ ಕೆರೆಗೆ ನೀರು ಯಾವ ಕೆರೆಯಿಂದ ಬರುತ್ತದೆ, ಕೋಡಿ ಹರಿದರೆ ಯಾವ ಕೆರೆಗೆ ಹೋಗುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ನಕ್ಷೆ ಬರೆಯಿರಿ. ಕೊನೆಯ ನೀರಗಂಟಿ ಯಾರಾಗಿದ್ದರು, ಆ ಕೆಲಸ ಯಾವಾಗ ನಿಂತಿತು ಎಂದೂ ಕೇಳಿ ತಿಳಿಯಿರಿ.